ಗೇಣೆತ್ತರದ ವಿಮಾನ

ಗೋಕಾಕದಲ್ಲಿ ವಿಮಾನದ ವಿಷಯ ನಮ್ಮ ಕಾಕಾನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಕಾರಣ ಬಹಳ ಸರಳ. ಅವನು ಒಂದು ವಿಮಾನವನ್ನೂ ಹತ್ತಿರದಿಂದ ನೋಡಿರಲಿಲ್ಲ! ನೋಡಿದವರಿಗೆ ನೋಡಿದಷ್ಟೇ ಗೊತ್ತಿರುತ್ತದೆ. ನೋಡದವನ ಜ್ಞಾನಕ್ಕೆ ಮಿತಿಯೆಲ್ಲಿ? ಆಕಾಶದಲ್ಲಿ ಎಲ್ಲೋ ಗುಂಯ್ ಎಂದರೆ ಸಾಕು, ಕೈಯಲ್ಲಿದ್ದ ಸೈಕಲ್ ಚೈನಿನ ಸಮೇತ ಅಂಗಡಿಯಿಂದ ಬೀದಿಗೆ ಓಡಿಬಂದು, ಕಣ್ಣಿಗೆ ಕಾಣದ ಆ ವಿಮಾನದ ಎತ್ತರವೆಷ್ಟು, ಓಟವೆಷ್ಟು, ಒಳಗೆ ಕೂತವರೆಷ್ಟು ಮಂದಿ ಎಂದು ಹೇಳಿಬಿಡುತ್ತಿದ್ದ. ಸುಳ್ಳೆಂದು ಸಾಧಿಸಲು ಮೇಲೆ ಹೋಗಿ ಎಣಿಸಿ ಬರುವವರು ಯಾರು?

ಈ ಕಾಕಾ ನನ್ನ ತಂದೆಯ ತಮ್ಮ. ನನ್ನ ಅತ್ತೆಗೂ ತಮ್ಮನೇ. ನಾನು ಮೂಡಲಗಿಯಿಂದ ಸೋದರತ್ತೆಯ ಮನೆಗೇ ಸೊಸೆಯಾಗಿ ಬಂದವಳು. ಹಾಗಾಗಿ ಅವನು ನನಗೆ ತವರಿನವನೂ ಹೌದು, ಗಂಡನ ಮನೆಯವನೂ ಹೌದು. ಮದುವೆಯಿಲ್ಲದೆ ಅಕ್ಕನ ಮನೆಯಲ್ಲೇ ಉಳಿದು, ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಮೂಡಲಗಿಯಲ್ಲಿ ಹೆಣ್ಣು ನೋಡಲು ಹೋದವನು ಅವಲಕ್ಕಿಯ ತಾಟು ಮುಟ್ಟದೆ, ಆ ಮನೆಯವರ ಎರಡು ಮೊರಗಳನ್ನು ರಟ್ಟೆಗೆ ಕಟ್ಟಿಕೊಂಡು, ಮಾಳಿಗೆ ಹತ್ತಿ ಹಿತ್ತಲಿಗೆ ಹಾರಿದನಂತೆ. ಹಾರುವುದಕ್ಕೆ ಮುಂಚೆ ಹುಡುಗಿ ಒಪ್ಪಿದ್ದಳಂತೆ!

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಆದರೆ ನಾನು ಹೇಳುವ ವರ್ಷ ನಮ್ಮ ಮನೆಯಲ್ಲಿ ನಗುವ ಸ್ಥಿತಿ ಇರಲಿಲ್ಲ. ದೊಡ್ಡ ಯುದ್ಧ ನಡೆದಿತ್ತು. ನಮ್ಮ ಮನೆಯವರು, ಅಂದರೆ ಅತ್ತೆಯ ಒಬ್ಬನೇ ಮಗ, ವಿಮಾನ ರಿಪೇರಿಯ ಕೆಲಸಕ್ಕೆಂದು ದಂಡಿಗೆ ಸೇರಿ ದೂರದ ಯಾವುದೋ ಊರಿನಲ್ಲಿದ್ದರು. ಯಾವ ಊರೋ! ಪತ್ರದಲ್ಲಿ ಊರಿನ ಹೆಸರಿರುವ ಕಡೆ ಯಾರೋ ಕರಿ ಮಸಿ ಬಳಿದಿರುತ್ತಿದ್ದರು. ಅವರ ಕೈಗೆ ಮೊದಲು ಪಾನಾ ಕೊಟ್ಟು ನಟ್ಟು ತಿರುವುವುದನ್ನು ಕಲಿಸಿದವನು ಕಾಕಾ. ಆದ್ದರಿಂದ, ಅತ್ತೆಯ ಲೆಕ್ಕದಲ್ಲಿ, ಆ ಯುದ್ಧವನ್ನು ಶುರು ಮಾಡಿದವನೂ ಹೆಚ್ಚು ಕಡಿಮೆ ಕಾಕಾನೇ.

ನಾನು ಮೂಡಲಗಿ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಹೀಗಾಗಿ ಗಂಡ ತಾಯಿಗೆ ಬರೆದ ಪತ್ರವನ್ನು ಹೆಂಡತಿ ಅತ್ತೆಗೆ ಓದಿ ಹೇಳಬೇಕು! "ತೀರ್ಥರೂಪ ತಾಯಿಯವರ ಚರಣಗಳಿಗೆ" ಎಂದು ಶುರುವಾದದ್ದು "ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳುವುದು" ಎಂದು ಮುಗಿಯುತ್ತಿತ್ತು. ಆ ಎಲ್ಲರ ಪೈಕಿ ನಾನೂ ಒಬ್ಬಳು. ಆಗಿನ ಕಾಲದ ಪದ್ಧತಿ ಹಾಗಿತ್ತು, ದೂರುವುದಕ್ಕೇನೂ ಇಲ್ಲ. ಸುಗ್ಗಿ ಮುಗಿದ ಹೊಸದರಲ್ಲಿ ಬಂದ ಪತ್ರದಲ್ಲಿ ಮಾತ್ರ ಒಂದು ಹೊಸ ಸಾಲಿತ್ತು. "ಬರುವ ತಿಂಗಳು ನಮ್ಮನ್ನು ವಿಮಾನದಲ್ಲಿ ಬೇರೆ ಊರಿಗೆ ಕಳಿಸುವವರಿದ್ದಾರೆ. ಮುಟ್ಟಿದ ಕೂಡಲೇ ಪತ್ರ ಹಾಕುತ್ತೇನೆ. ಚಿಂತೆ ಮಾಡಬಾರದು."

ಚಿಂತೆ ಮಾಡಬಾರದು ಎಂದು ಬರೆದ ಮೇಲೆ ಯಾವ ತಾಯಿ ಸುಮ್ಮನಿದ್ದಾಳು?

"ಇನ್ನೊಮ್ಮಿ ಓದವಾ" ಎಂದರು ಅತ್ತೆ. ಓದಿದೆ. "ಇಷ್ಟ ದಿನಾ ವಿಮಾನಾ ರಿಪೇರಿ ಮಾಡ್ತಿದ್ದ. ಈಗ ಅದರಾಗ ಕೂಡಂವ ಏನು?"

"ಹೌದ್ರಿ ಅತ್ತಿ."

ಅತ್ತೆ ಕಾಕಾನ ಕಡೆ ತಿರುಗಿದರು. "ಹತ್ತೂದೇನ ಹತ್ತತಾನ. ಇಳಿಯೂದು ಹ್ಯಾಂಗೋ ತಮ್ಮಾ? ಅಷ್ಟ ಮ್ಯಾಲಿಂದ ಕೆಳಗ ಬಂದ್ರ ಅದಕ್ಕ ಬಿದ್ದದ್ದು ಅಂತಾರ."

"ಅಕ್ಕಾ, ಅದು ಬೀಳೂದಿಲ್ಲ. ನೆಲಾ ಹತ್ರ ಬರ್ತಿದ್ದಂಗ ಭೂಮೀನ ಅದನ್ನ ಹಿಡೀತೈತಿ."

"ಭೂಮಿಗೆ ಕೈ ಅದಾವೇನು?"

"ಗಾಳಿ ಐತಲ್ಲ."

"ಗಾಳಿ ಸುದ್ದಿ ನನ್ನ ಮುಂದ ಹೇಳಬ್ಯಾಡ. ಕಣ್ಣೀಲೆ ತೋರ್ಸು. ತೋರ್ಸೂತನಕ ನಾ ರಾತ್ರಿ ಊಟಾ ಮುಟ್ಟಂಗಿಲ್ಲ."

ಅತ್ತೆ ಹೇಳಿದರೆಂದರೆ ಮುಗಿಯಿತು. ಮರುದಿನ ಕಾಕಾ ಅಡಿಗೆಮನೆಗೆ ಬಂದ. ಅತ್ತೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಕಾಕಾ ಮೊರವನ್ನು ಅಡ್ಡಲಾಗಿ ಹಿಡಿದು, ಅವರ ಪಕ್ಕದಲ್ಲೇ ದೊಪ್ಪನೆ ನೆಲಕ್ಕೆ ಬಿಟ್ಟ. ಮೊರದ ಅಡಿಯ ಗಾಳಿ ನಾಲ್ಕೂ ಕಡೆ ನುಗ್ಗಿ, ಹಿಟ್ಟೆಲ್ಲ ಎದ್ದು ಅತ್ತೆಯ ಮುಖದ ಮೇಲೆ ಕೂತಿತು.

"ನೋಡಿದಿ ಅಕ್ಕಾ? ಮೊರಕ್ಕೂ ನೆಲಕ್ಕೂ ನಡುವ ಸಿಕ್ಕ ಗಾಳಿಗೆ ಓಡಿಹೋಗಾಕ ಜಾಗಾ ಸಾಲೂದಿಲ್ಲ. ಅದು ಮೊರಾನ್ನ ಎತ್ತಿ ಹಿಡಿಯಾಕ ನೋಡತೈತಿ. ಕಂಡಿತಿಲ್ಲೋ?"

"ಕಣ್ಣಾಗ ಹಿಟ್ಟ ಹೊಕ್ಕಾವೋ ಮೂಳಾ, ಏನ ಕಾಣ್ಲಿ!"

ಹೀಗೆ ಮೊರದಿಂದ ಕೆಲಸವಾಗಲಿಲ್ಲ. ವಿಮಾನವನ್ನೇ ಮಾಡಿ ತೋರಿಸುವುದೆಂದು ಕಾಕಾ ಹೊರಟ. ಈ ಭೂಮಿ ಹಿಡಿಯುವ ವಿದ್ಯೆ ಅವನಿಗೆ ಎಲ್ಲಿ ಸಿಕ್ಕಿತು ಎನ್ನುತ್ತೀರಿ? ಘಟಪ್ರಭೆಯ ದಂಡೆಯಲ್ಲಿ. ಅಂಗಡಿಗೆ ಗಿರಾಕಿಗಳು ಬಂದು ಕಾಯುತ್ತಿದ್ದರೆ ಈ ಮಹಾರಾಯ ಹೊಳೆಯ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಬೆಳ್ಳಕ್ಕಿ ನೋಡುತ್ತಿದ್ದ. ನನಗೂ ಒಮ್ಮೆ ಬಟ್ಟೆ ಒಗೆಯುವುದನ್ನು ಬಿಡಿಸಿ ತೋರಿಸಿದ್ದ. ಹಕ್ಕಿ ಮೇಲಿಂದ ಬಂತು, ನೀರಿಗೆ ಒಂದು ಗೇಣು ಎತ್ತರದಲ್ಲಿ ರೆಕ್ಕೆ ಅಗಲಿಸಿ ಹಿಡಿಯಿತು, ಆಮೇಲೆ ಬಡಿಯದೆ ಎಷ್ಟೋ ದೂರ ಜಾರಿಕೊಂಡು ಹೋಯಿತು. "ಮ್ಯಾಲ ಇದ್ದಾಗ ಬಡೀಬೇಕು. ಗೇಣಿನಾಗ ಬಂದ್ರ ಪುಕ್ಕಟೆ" ಎಂದ ಕಾಕಾ. ಅಷ್ಟರಲ್ಲಿ ನನ್ನ ಸೀರೆಯೂ ಹೊಳೆಯಲ್ಲಿ ಪುಕ್ಕಟೆ ತೇಲಿಹೋಗಿತ್ತು.

ನಮ್ಮ ಊರಿನ ಕಟ್ಟಿಗೆಯ ಗೊಂಬೆ, ಹಣ್ಣುಗಳನ್ನು ನೀವು ನೋಡಿರಬಹುದು. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಮಾವಿನಹಣ್ಣನ್ನು ಹಸಿದವರು ಕಚ್ಚಿ ಹಲ್ಲು ನೋಯಿಸಿಕೊಂಡದ್ದುಂಟು. ಅಂಥ ಗೊಂಬೆ ಮಾಡುವವರೊಬ್ಬರಿಂದ ಕಾಕಾ ಕಟ್ಟಿಗೆ ತಂದು ಮೈ ಕೆತ್ತಿದ. ಬಿದಿರ ಕಡ್ಡಿಗೆ ಗಾಳಿಪಟದ ಹಾಳೆ ಅಂಟಿಸಿ ರೆಕ್ಕೆ ಮಾಡಿದ. ಈ ತುದಿಯಿಂದ ಆ ತುದಿಗೆ ಒಂದೂವರೆ ಮೊಳ. ನೂಲಿನ ರೀಲು ಕೊಯ್ದು ಗಾಲಿ ಮಾಡಿದ. ಸೈಕಲ್ ಟ್ಯೂಬನ್ನು ಶಾವಿಗೆಯಂತೆ ಸಣ್ಣಗೆ ಕತ್ತರಿಸಿ ಹೊಟ್ಟೆಯೊಳಗೆ ಉದ್ದಕ್ಕೆ ಕಟ್ಟಿದ. ಮುಂದಿನ ಪಂಖವನ್ನು ಬೆರಳಿಂದ ನೂರು ಸಲ ತಿರುವಿದರೆ ರಬ್ಬರು ಹುರಿಗೊಂಡು, ಬಿಟ್ಟಾಗ ಗರಗರ ಬಿಚ್ಚಿಕೊಂಡು ಪಂಖ ತಿರುಗಬೇಕು. ಎಲ್ಲ ಮುಗಿಸಿ ಒಂದಿಷ್ಟು ಬಣ್ಣಕ್ಕೆಂದು ಆ ಗೊಂಬೆಯವರ ಕೈಗೇ ಕೊಟ್ಟ.

ಅಲ್ಲಿಯೇ ತಪ್ಪಾದದ್ದು! ಗೋಕಾಕದ ಗೊಂಬೆಯವರಿಗೆ ಅರ್ಧ ಕೆಲಸ ಮಾಡಲು ಬರುವುದಿಲ್ಲ. ಅವರು ಅಭಿಮಾನದಿಂದ ಹುಣಸೆಬೀಜದ ಅಂಟು ಬಳಿದು, ಮೇಲೆ ಬಿಳಿಮಣ್ಣು ಹಚ್ಚಿ, ಉಜ್ಜಿ ನುಣುಪು ಮಾಡಿ, ಹಳದಿ ಬಣ್ಣಕ್ಕೆ ಕೆಂಪು ಕೆನ್ನೆ ಬರೆದು, ಅದರ ಮೇಲೆ ವಾರ್ನಿಶ್ ಎಳೆದು ಕೊಟ್ಟರು. ವಿಮಾನ ಮಾಗಿದ ಮಾವಿನಹಣ್ಣಾಗಿ ಬಂತು. ಕೈಯಲ್ಲಿ ಹಿಡಿದಾಗ ಭಾರ ಅನ್ನಿಸಿತು, ಆದರೆ ಅಷ್ಟು ಚೆಂದದ್ದನ್ನು ಭಾರ ಎನ್ನಲು ಯಾರಿಗೆ ಬಾಯಿ ಬಂದೀತು?

ಊರಾಚೆ ಮಮದಾಪುರದ ಹಾದಿಯಲ್ಲಿ ನಮ್ಮ ಹೊಲ. ಸಪಾಟಾದ ಜಾಗ ಎಂದರೆ ಅಲ್ಲಿಯ ಕಣ ಒಂದೇ. ರಾಶಿ ಮನೆಗೆ ಬಂದು ಕಣ ಬರಿದಾಗಿತ್ತು. ಬರಿದಾಗಿತ್ತು ಎಂದು ಇಲ್ಲಿ ಬರೆಯಬಹುದು, ಕಣದಲ್ಲಿ ನಿಂತು ಹೇಳುವಂತಿಲ್ಲ! ಕಣಕ್ಕೆ ಅದರದೇ ಮಡಿ. ಚಪ್ಪಲಿ ಮೆಟ್ಟಿ ಕಾಲಿಡಬಾರದು. ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನಬೇಕು. ಮುಗಿಯಿತು, ಸಾಲದು ಎಂಬ ಮಾತು ಬಾಯಿಂದ ಬರಬಾರದು. ಅತ್ತೆ ಇದಕ್ಕೆ ತಮ್ಮದೊಂದು ಕಟ್ಟಳೆ ಸೇರಿಸಿದರು. "ನನ್ನ ಮಗಾ ವಿಮಾನದಾಗ ಹೊಂಟಾನ. ಈ ಕಣದಾಗ ಯಾರೂ ಬಿತ್ತು ಅನಬಾರ್ದು. ಏನಾದ್ರೂ ಇಳೀತು ಅನಬೇಕು."

ನಾವು ಮೂವರು, ಜೊತೆಗೆ ಪಕ್ಕದ ಹೊಲದ ನೀಲವ್ವ. ಅತ್ತೆ ಕಣದ ಅಂಚಿನಲ್ಲಿ ಕೈ ಮುಗಿದು ಕೂತರು. ಕಾಕಾ ನೂರು ಸುತ್ತು ತಿರುವಿ ವಿಮಾನವನ್ನು ನೆಲಕ್ಕಿಟ್ಟು ಬಿಟ್ಟ. ಆರು ಹೆಜ್ಜೆ ಓಡಿರಲಿಲ್ಲ, ಗಾಲಿ ನೆಲ ಬಿಟ್ಟಿತು! ಆದರೆ ಒಂದು ಗೇಣು ಎದ್ದ ವಿಮಾನ ಅಷ್ಟಕ್ಕೇ ನಿಂತಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಅದೇ ಎತ್ತರದಲ್ಲಿ ಕಣದ ಉದ್ದಕ್ಕೂ ಹೋಯಿತು. ಕಾಕಾ ಹಿಂದೆ ಓಡುತ್ತಾ "ಏರು! ಏರು!" ಎಂದು ಕೂಗಿದ. ಕಣದ ತುದಿಯಲ್ಲಿ ಎದುರುಗಾಳಿ ಬಂದು ಅದನ್ನು ಸೊಂಟದೆತ್ತರಕ್ಕೆ ಎತ್ತಿತು. ಅಲ್ಲಿಗೆ ಹೋದದ್ದೇ ತಡ, ವಿಮಾನ ಒಮ್ಮೆ ತೂಗಾಡಿ, ಮೂಗು ಕೆಳಗೆ ಮಾಡಿ, ಧಡ್ ಎಂದು ನೆಲಕ್ಕೆ ಬಡಿಯಿತು.

ಬಿತ್ತು ಎನ್ನುವಂತಿಲ್ಲವಲ್ಲ! ಕೊನೆಗೆ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಇಳೀತು ನೋಡ್ರಿ, ಎಷ್ಟ ಚಂದ ಇಳೀತು" ಎಂದಳು.

"ಬಾಯೀಲೆ ಇಳಿಸಿದ್ರ ಏನ್ ಬಂತು, ಮೂಗ ಮುರದೈತಲ್ಲ!" ಎಂದರು ಅತ್ತೆ. ಅಂದಿನಿಂದ ಮಧ್ಯಾಹ್ನದ ಊಟವನ್ನೂ ಬಿಟ್ಟರು. ಉಳಿದದ್ದು ಬೆಳಗಿನ ಒಂದು ಬಟ್ಟಲು ಅಂಬಲಿ.

ಕಾಕಾ ಮಾತ್ರ ಮುರಿದ ಮೂಗು ಹಿಡಿದು ಕುಣಿಯುವುದೊಂದು ಬಾಕಿ. "ತಿಳೀತ ಮಗಳ! ಗೇಣಿನಾಗ ಇರೂತನಕ ಭೂಮಿ ಹೊತ್ತಿತ್ತು. ಗೇಣ ದಾಟಿದ ಮ್ಯಾಲ ತನ್ನ ಭಾರ ತಾನ ಹೊರಬೇಕಾತು. ಭಾರ ಎಲ್ಲಿಂದ ಬಂತು? ಬಣ್ಣದ್ದು!" ಭೂಮಿ ಮಾಡಿದ ಉಪಕಾರವನ್ನು ವಿಮಾನ ತನ್ನದೇ ಶಕ್ತಿ ಎಂದುಕೊಂಡಿತ್ತು, ಅಷ್ಟೇ. ಮನುಷ್ಯರಲ್ಲೂ ಇಂಥವರನ್ನು ನಾನು ಕಂಡಿದ್ದೇನೆ, ಹೆಸರು ಬೇಡ.

ಎರಡು ದಿನ ಕೂತು ಬಣ್ಣ ಕೆರೆದೆವು. ಕೆರೆದವಳು ನಾನು, ಹೇಳಿದವನು ಅವನು. ಹೊಸ ಹಾಳೆ ಹಚ್ಚಿದ ಮೇಲೆ ಕಣದಲ್ಲಿ ನುಣ್ಣನೆಯ ಹೊಟ್ಟು ಹರಡಿ, ನನ್ನ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿಸಿ, ಹಗುರಾದ ವಿಮಾನವನ್ನು ಹೊಟ್ಟಿನ ಮೇಲೆ ಬಿಟ್ಟ. ರೆಕ್ಕೆಯ ತುದಿಯಲ್ಲಿ ಹೊಟ್ಟು ಏನು ಮಾಡುತ್ತದೆ ನೋಡು ಎಂದ. ಎತ್ತರದಲ್ಲಿ ಹೋದಾಗ ತುದಿಯಿಂದ ಗಾಳಿ ಸುರುಳಿ ಸುತ್ತಿ ಮೇಲೆ ಬಂದು ವಿಮಾನವನ್ನು ಹಿಂದಕ್ಕೆಳೆಯುತ್ತದಂತೆ. ನೆಲದ ಹತ್ತಿರ ಆ ಸುರುಳಿಗೆ ತಿರುಗಲು ಜಾಗವಿಲ್ಲದೆ ಹೊಟ್ಟು ಪಕ್ಕಕ್ಕೆ ಸರಿಯುತ್ತದಂತೆ. ನಾನು ಕಂಡದ್ದು ನಿಜ, ಹೊಟ್ಟು ಪಕ್ಕಕ್ಕೆ ಸರಿಯಿತು. ಒಂದಿಷ್ಟು ನನ್ನ ಮೂಗಿಗೂ ಸರಿದು ಮೂರು ದಿನ ಸೀನಿದೆ. ಬಂದ ಸೊಸೆ ಕಣದಲ್ಲಿ ಬೋರಲು ಮಲಗುತ್ತಾಳೆ ಎಂದು ಊರಲ್ಲಿ ಸುದ್ದಿಯಾಯಿತು.

ಈಗ ಏರುವ ಕಷ್ಟ ತೀರಿತು. ಇಳಿಯುವ ಕಷ್ಟ ಶುರುವಾಯಿತು! ಅತ್ತೆಗೆ ಬೇಕಾದದ್ದು ಇಳಿಯುವುದೇ ತಾನೇ? ಕಾಕಾ ಕಣದ ಈ ತುದಿಯಲ್ಲಿ ಚಕ್ಕಡಿ ಗಾಡಿ ನಿಲ್ಲಿಸಿ, ಅದರ ಮೇಲೆ ಹತ್ತಿ, ಪಂಖ ತಿರುವದೆ ವಿಮಾನವನ್ನು ಮೆಲ್ಲಗೆ ಗಾಳಿಗೆ ಬಿಟ್ಟ. ಅದು ಸೊಗಸಾಗಿ ಜಾರುತ್ತಾ ಕೆಳಗೆ ಬಂತು. ಮೊಳದೆತ್ತರ. ಗೇಣೆತ್ತರ. ಅತ್ತೆ ಎದ್ದು ನಿಂತರು. ಇನ್ನೇನು ಗಾಲಿ ಮುಟ್ಟಬೇಕು, ಮುಟ್ಟಲೊಲ್ಲದು! ನಾಲ್ಕು ಬೆರಳಿನ ಎತ್ತರದಲ್ಲಿ ತೇಲುತ್ತಾ ಹೊರಟಿತು. ಅರ್ಧ ಕಣ ದಾಟಿತು, ಮುಕ್ಕಾಲು ಕಣ ದಾಟಿತು. "ಕೂಡು! ಕೂಡು!" ಎಂದು ಕಾಕಾ ಚಕ್ಕಡಿಯ ಮೇಲಿಂದ ನಾಯಿಗೆ ಹೇಳಿದಂತೆ ಹೇಳುತ್ತಿದ್ದ. ಕಣ ಮುಗಿದಲ್ಲಿ ಮೇವಿನ ಬಣವೆಯಿತ್ತು. ವಿಮಾನ ನೆಟ್ಟಗೆ ಹೋಗಿ ಬಾಲದವರೆಗೆ ಅದರೊಳಗೆ ಹೊಕ್ಕಿತು.

ನೀಲವ್ವ ಬಣವೆಗೆ ಕೈ ಹಾಕಿ ಬಾಲ ಹಿಡಿದು ವಿಮಾನವನ್ನು ಹೊರಗೆಳೆದಳು.

"ಭೂಮಿ ಹಿಡಿದಿದ್ದು ಖರೆ" ಎಂದರು ಅತ್ತೆ ನಿಧಾನಕ್ಕೆ. "ಹಿಡಿದದ್ದು ಬಿಡಲಿಲ್ಲಲ್ಲೋ. ನನ್ನ ಮಗಾ ಇಳಿಯೂ ಕಡೆ ಬಣವಿ ಯಾರ ಒಟ್ಟಿರತಾರ? ಬಣವಿ ಬದ್ಲಿ ಕಲ್ಲಿನ ಗ್ವಾಡಿ ಇದ್ರ?" ಸೆರಗು ಕೊಡವಿ ಮನೆಯ ದಾರಿ ಹಿಡಿದರು. "ಬರೂ ಸೋಮವಾರತನಕ ನೋಡ್ತೇನಿ. ಆಮ್ಯಾಲ ಅಂಬಲೀನೂ ಒಲ್ಲೆ."

ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಎರಡು ದಿನ ಕಳೆದೆವು. ಅಂಚೆಯವನು ಬೀದಿಯಲ್ಲಿ ಕಂಡರೆ ಅತ್ತೆ ಒಳಗೆ ಹೋಗುತ್ತಿದ್ದರು, ಅವನು ದಾಟಿಹೋದರೆ ಹೊರಗೆ ಬಂದು ಅವನ ಬೆನ್ನು ನೋಡುತ್ತಿದ್ದರು. ನೆರೆಹೊರೆಯವರು ಬಂದು ಅತ್ತೆಯ ಕೈ ಹಿಡಿದು ಧೈರ್ಯ ಹೇಳಿ, ನನಗೆ "ಅತ್ತಿನ್ನ ಚಂದಾಗಿ ನೋಡ್ಕೋವಾ" ಎಂದು ಹೇಳಿ ಹೋಗುತ್ತಿದ್ದರು. ನೋಡಿಕೊಳ್ಳುತ್ತಿದ್ದೆ.

ಮೂರನೆಯ ದಿನ ಹುಕ್ಕೇರಿ ಸಂತೆಯಿಂದ ಬಂದವರೊಬ್ಬರು, ಅಲ್ಲಿ ಊರಾಚೆಯ ಬಯಲಲ್ಲಿ ದಂಡಿನ ವಿಮಾನವೊಂದು ಇಳಿದಿತ್ತು ಎಂದು ಸುದ್ದಿ ಹೇಳಿದರು. ಕಾಕಾ ಬಾಯಲ್ಲಿದ್ದ ತುತ್ತು ನುಂಗದೆ ಸೈಕಲ್ ಹತ್ತಿದ. ಅವನು ಮುಟ್ಟುವ ಹೊತ್ತಿಗೆ ವಿಮಾನ ಹೋಗಿಯೇಬಿಟ್ಟಿತ್ತು. ಹೋಗದೆ ಇವನಿಗಾಗಿ ಕಾಯುತ್ತದೆಯೇ? ಬಯಲಲ್ಲಿ ಉಳಿದದ್ದು ಗಾಲಿಯ ಗುರುತು ಮಾತ್ರ. ಇವನು ಬಗ್ಗಿ ಅದನ್ನೇ ಹೆಜ್ಜೆಯಿಂದ ಅಳೆಯತೊಡಗಿದ. ಸಂತೆಗೆ ಬಂದ ನಾಲ್ಕು ಜನ ಏನೋ ಕಳೆದುಕೊಂಡಿದ್ದಾನೆಂದು ತಾವೂ ಬಗ್ಗಿ ಹುಡುಕತೊಡಗಿದರಂತೆ.

"ಏನ್ ಕಳಕೊಂಡೀರ್ರಿ ಯಜಮಾನ್ರ? ಉಂಗುರಾ?"

"ಮೂವತ್ತ ಹೆಜ್ಜಿ ಕಳದಾವ್ರಿ" ಎಂದನಂತೆ ಕಾಕಾ. ಕೇಳಿದವರು ದೂರ ಸರಿದರು.

ಮರುದಿನ ಬಂದವನ ಮುಖದಲ್ಲಿ ಬೆಳಕಿತ್ತು. "ಅಕ್ಕಾ, ದೊಡ್ಡ ವಿಮಾನಾನೂ ಹಂಗ ಮಾಡೈತಿ! ಗಾಲಿ ಮುಟ್ಟಿದ ಗುರ್ತ ಐತಿ. ಆಮ್ಯಾಲ ಮೂವತ್ತ ಹೆಜ್ಜಿ ಗುರ್ತ ಇಲ್ಲ, ತೇಲೈತಿ. ಮುಂದ ಮತ್ತ ಮುಟ್ಟಿ, ಓಡಿ, ನಿಂತೈತಿ. ಅವರಿಗಿದು ಗೊತ್ತೈತಿ. ಅದಕ್ಕ ಉದ್ದನ ಬಯಲ ಹುಡುಕಿ ಇಳಸತಾರ. ತಪ್ಪ ವಿಮಾನದ್ದಲ್ಲ, ನಮ್ಮ ಕಣದ್ದು. ಕಣಾ ಸಾಲದು!"

ಸಾಲದು ಎಂದು ಅವನು ಹೇಳಿದ್ದು ಮನೆಯಲ್ಲಿ, ಕಣದಲ್ಲಲ್ಲ. ಆದ್ದರಿಂದ ಅತ್ತೆ ಬೈಯಲಿಲ್ಲ.

ಬಣವೆ ಇಲ್ಲದ ದಿಕ್ಕಿಗೆ, ಜೋಳ ಕೊಯ್ದ ಹೊಲದಲ್ಲಿ ಕಣವನ್ನು ಇನ್ನೂ ನಲವತ್ತು ಹೆಜ್ಜೆ ಉದ್ದ ಮಾಡಬೇಕು. ಕೂಳೆ ಕೀಳಬೇಕು, ನೀರು ಹೊಡೆದು ನೆಲ ಬಡಿಯಬೇಕು, ಸಗಣಿ ಸಾರಿಸಬೇಕು. ಭೂಮಿಯ ಗುಣ ಕಂಡುಹಿಡಿದವನು ಕಾಕಾ, ಸಗಣಿಗೆ ಕೈ ಹಾಕಿದವಳು ನಾನು! ಶನಿವಾರ, ಭಾನುವಾರ ಎರಡು ದಿನ ಸಾರಿಸಿದೆ. ಭಾನುವಾರ ಇನ್ನೇನು ಹತ್ತು ಹೆಜ್ಜೆ ಉಳಿದಿತ್ತು ಎನ್ನುವಾಗ ಕಣ್ಣು ಕತ್ತಲೆ ಬಂದು ಅಲ್ಲೇ ಕೂತೆ. ಬಿಸಿಲು ಎಂದೆ. ಕಾಕಾ ನನ್ನನ್ನು ಒಂದು ಗಳಿಗೆ ನೋಡಿ, ಧೋತರ ಮೇಲೆ ಕಟ್ಟಿ, ಉಳಿದ ಹತ್ತು ಹೆಜ್ಜೆ ತಾನೇ ಸಾರಿಸಿದ. ಅವನು ಸಾರಿಸಿದ ಕಡೆ ಡೊಂಕು ಡೊಂಕಾಗಿತ್ತು, ಅದು ಬೇರೆ ಮಾತು.

ಸೋಮವಾರ ಗಾಳಿ ಇರಲಿಲ್ಲ. ಅತ್ತೆ ಬೆಳಗಿನ ಅಂಬಲಿಯನ್ನು ಮುಟ್ಟದೆ ಹಾಗೇ ಮುಚ್ಚಿಟ್ಟು ಬಂದಿದ್ದರು. ಕಾಕಾ ರಬ್ಬರು ತಿರುವಿದ. ನೂರಲ್ಲ, ಎಪ್ಪತ್ತೇ ಸುತ್ತು. ನಡುದಾರಿಯಲ್ಲಿ ಪಂಖ ನಿಲ್ಲಬೇಕು, ಆಮೇಲೆ ತೇಲಲು ದೂರ ಉಳಿಯಬೇಕು ಎಂಬುದು ಅವನ ಲೆಕ್ಕ. ಬಿಟ್ಟ. ಓಡಿತು, ಎದ್ದಿತು, ಗೇಣು ದಾಟಿತು. ನಾನು ಕಣ್ಣು ಮುಚ್ಚಿ ತೆರೆದೆ. ಆಳೆತ್ತರ ಏರಿತ್ತು! ಪಂಖ ನಿಂತಿತು. ಸದ್ದಿಲ್ಲ. ಮೂಗು ಸ್ವಲ್ಪ ತಗ್ಗಿಸಿ ಇಳಿಯತೊಡಗಿತು. ಸೊಂಟದೆತ್ತರ, ಮೊಳ, ಗೇಣು. ಅಲ್ಲಿ ಬಂದು ತೇಲಿತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಅತ್ತೆ ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ಬಳೆಯೊಂದು ಒಡೆಯಿತು. ಕಾಕಾ ಈ ಸಲ ಕೂಗಲಿಲ್ಲ. ವಿಮಾನ ವೇಗ ಕಳೆದುಕೊಳ್ಳುತ್ತಾ ನಾಲ್ಕು ಬೆರಳಿಗೆ ಬಂತು, ಎರಡು ಬೆರಳಿಗೆ ಬಂತು, ಗಾಲಿ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಕಾಕಾ ಸಾರಿಸಿದ ಡೊಂಕಿನ ಮೇಲೆ ಕುಲುಕಾಡಿ ನಿಂತಿತು.

ಅತ್ತೆ ನಡೆದು ಹೋಗಿ, ಅದರ ಮೈಮೇಲೆ ಕೈಯಾಡಿಸಿ, "ಇಳೀತು" ಎಂದರು. ಹೊಲದ ಗುಡಿಸಲಿನಲ್ಲಿ ನಾನು ತಂದಿದ್ದ ಬುತ್ತಿ ಬಿಚ್ಚಿ ಬಡಿಸಿದೆ. ಮೂರು ರೊಟ್ಟಿ ತಿಂದು, ಗೋಡೆಗೊರಗಿ, ಎಷ್ಟೋ ದಿನಗಳ ನಿದ್ದೆ ಮಾಡಿದರು.

ವಿಮಾನ ಎತ್ತಿಡೋಣವೆಂದು ಹೊರಗೆ ಬಂದರೆ, ಕಾಕಾ ಮತ್ತೆ ರಬ್ಬರು ತಿರುವುತ್ತಿದ್ದ.

"ಇನ್ಯಾಕ ಕಾಕಾ? ಅತ್ತಿ ಉಂಡ್ರಲ್ಲ."

"ಅಕ್ಕ ಉಂಡ್ಳು. ನೀ ಯಾವಾಗ ಉಣ್ಣಾಕಿ?"

"ನಂದೇನು, ನಾ ದಿನಾ ಉಣ್ತೇನಲ್ಲ."

"ಯಾರ ಮುಂದ ಹೇಳ್ತಿ ಮಗಳ? ತಿಂಗಳಾತು, ನಿನ್ನ ತಾಟಿನ ರೊಟ್ಟಿ ತಿಂದು ಎಮ್ಮಿ ದಪ್ಪಾಗೈತಿ." ಅವನು ನನ್ನ ಕಡೆ ನೋಡದೆ ಎಣಿಸುತ್ತಲೇ ಇದ್ದ. "ಅಕ್ಕನ ಹೆದರಿಕಿ ಊರಿಗೆಲ್ಲಾ ಗೊತ್ತು. ಬಂದಾವ್ರೆಲ್ಲಾ ಅಕಿ ಕೈ ಹಿಡಿದು ಹೋದ್ರು. ಅಂವ ನಿನಗ ಯಾರೂ ಅಲ್ಲೇನು? ಅಕ್ಕಗ ಸಮಾಧಾನ ಆಗಾಕ ಇಷ್ಟೆಲ್ಲಾ ಬೇಕಿರಲಿಲ್ಲ, ನಾಕ ದಿನ ಜಗಳಾ ಆಡಿದ್ರ ಸಾಕಿತ್ತು. ನಾ ಇದನ್ನ ಮಾಡಿದ್ದು ನಿನಗ ತೋರ್ಸಾಕ. ಬಾ ಇಲ್ಲೆ. ನೆಲದ ಮ್ಯಾಲ ಕೈ ಇಡು."

ಇಷ್ಟು ದಿನ ಅವನನ್ನು ಆಡಿಕೊಂಡು ನಕ್ಕವಳು ನಾನು. ಹೊಸದಾಗಿ ಸಾರಿಸಿದ ನೆಲಕ್ಕೆ ಕೆನ್ನೆ ತಾಗಿಸಿ, ಅಂಗೈ ಕೆಳಗೆ ಮಾಡಿ ಕೈ ಚಾಚಿ ಮಲಗಿದೆ. ವಿಮಾನ ಬಂತು. ಗೇಣಿಗಿಂತ ಕಡಿಮೆ ಎತ್ತರದಲ್ಲಿ ನನ್ನ ಕೈಯ ಮೇಲಿಂದ ಹಾದುಹೋಯಿತು. ಅದರ ಕೆಳಗಿನ ಗಾಳಿ ನನ್ನ ಮುಂಗೈಯನ್ನು ಮೆತ್ತಗೆ ಒತ್ತಿದ್ದು ನನಗೆ ತಿಳಿಯಿತು.

"ಗೊತ್ತಾತಿಲ್ಲ?" ಎಂದ ಕಾಕಾ. "ಅಂವಗೂ ಅದು ಸಿಗತೈತಿ."

ಸುಖವಾಗಿ ಇಳಿದೆನೆಂಬ ಪತ್ರ ಬರಲು ಇನ್ನೂ ಹನ್ನೊಂದು ದಿನಗಳಿದ್ದವು. ನನಗೆ ಅದು ಹೇಗೆ ಗೊತ್ತಾಗಬೇಕು? ಮಲಗಿದಲ್ಲೇ ಅಳು ನುಗ್ಗಿ ಬಂತು. ಮದುವೆಯಾಗಿ ಬಂದ ಮೇಲೆ ಯಾರೆದುರೂ ಅತ್ತವಳಲ್ಲ ನಾನು. ಅತ್ತು ಅತ್ತು ಸಾಕಾದ ಮೇಲೂ ಕೈ ತೆಗೆಯಲಿಲ್ಲ.

"ಇನ್ನೊಮ್ಮಿ ಬಿಡು ಕಾಕಾ" ಎಂದೆ.

ರಬ್ಬರು ಹರಿಯುವವರೆಗೂ ಅವನು ಬಿಡುತ್ತಲೇ ಇದ್ದ.